ಹನ್ನೆರಡು ವೋಲ್ಟಿನ ಸಂಸಾರ

ಬಸ್ಸು ಹತ್ತದವರು ನಮ್ಮಲ್ಲಿ ಯಾರೂ ಇಲ್ಲ. ಊರು ಬಿಟ್ಟು ಪುಣೆಗೋ ಮುಂಬಯಿಗೋ ಬಂದ ನಮ್ಮ ಎಷ್ಟೋ ಸಂಸಾರಗಳ ಕಥೆ ಒಂದು ಬಸ್ಸಿನಿಂದಲೇ ತೊಡಗುತ್ತದೆ. ತಲೆಯ ಮೇಲೆ ಟ್ರಂಕು, ಕಂಕುಳಲ್ಲಿ ಹಾಸಿಗೆಯ ಸುರುಳಿ, ಕೈಯಲ್ಲಿ ಉಪ್ಪಿನಕಾಯಿಯ ಭರಣಿ. ಆದರೆ ಬಸ್ಸಿನಿಂದ ಇಳಿಯದೆ ಅದರೊಳಗೇ ಒಲೆ ಹೂಡಿ ಸಂಸಾರ ಮಾಡುವವರನ್ನು ತಾವು ಕಂಡಿದ್ದೀರೋ ಇಲ್ಲವೋ! ನಾನು ಕಂಡೆ. ಅಷ್ಟೇ ಅಲ್ಲ, ಆ ಬಸ್ಸಿಗೆ ವಿದ್ಯುತ್ತಿನ ತಂತಿ ಎಳೆದವನೂ ನಾನೇ. ಎಳೆದು ಎಡವಿದವನೂ ನಾನೇ.

೨೦೨೩ನೆಯ ಇಸವಿಯ ಮೇ ತಿಂಗಳಿನಲ್ಲಿ ನಾನೂ ನನ್ನಾಕೆಯೂ ಅಮೆರಿಕಾದ ಕೊಲರಾಡೊ ರಾಜ್ಯದಲ್ಲಿರುವ ಮಗಳ ಮನೆಗೆ ಹೋದೆವು. ಹೋಗಿ ನೋಡಿದರೆ ಮನೆಯ ಮುಂದೆ ಮೂವತ್ತೈದು ಅಡಿ ಉದ್ದದ ಹಳದಿ ಬಸ್ಸು ನಿಂತಿದೆ. ಶಾಲೆಯ ಮಕ್ಕಳನ್ನು ಹದಿನೈದು ವರ್ಷ ಹೊತ್ತು ನಿವೃತ್ತಿ ಹೊಂದಿದ ಬಸ್ಸು. ಅಳಿಯಂದಿರು ಅದನ್ನು ಹರಾಜಿನಲ್ಲಿ ಕೊಂಡಿದ್ದರು. ಬಾಡಿಗೆಯ ಮನೆ ಬಿಟ್ಟು, ಒಂದು ವರ್ಷ ಈ ಬಸ್ಸಿನಲ್ಲೇ ಇದ್ದುಕೊಂಡು, ಕಂಪ್ಯೂಟರಿನ ಮೇಲೆ ಕೆಲಸವನ್ನೂ ಮಾಡುತ್ತ ದೇಶ ನೋಡುವುದು ಅವರ ಹಂಚಿಕೆ. ಜತೆಗೆ ನಾಲ್ಕು ವರ್ಷದ ಮೊಮ್ಮಗಳು. ನನ್ನಾಕೆ ಬಸ್ಸನ್ನು ಒಂದು ಸುತ್ತು ಬಂದು, "ದೊಡ್ಡ ಕಂಪನಿಯಲ್ಲಿ ಕೆಲಸ ಎಂದು ಊರೆಲ್ಲ ಹೇಳಿಕೊಂಡು ಬಂದೆನಲ್ಲ" ಎಂದು ಮೆಲ್ಲಗೆ ಅಂದಳು.

ಅಮೆರಿಕಾದಲ್ಲಿ ಇದು ಹೊಸದೇನಲ್ಲ. ಅಲ್ಲಿನ ಶಾಲೆಯ ಬಸ್ಸುಗಳಿಗೆಲ್ಲ ಒಂದೇ ಹಳದಿ ಬಣ್ಣವಿರಬೇಕೆಂಬ ಗೊತ್ತುವಳಿ ೧೯೩೯ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಅಧ್ಯಾಪಕರ ಕಾಲೇಜಿನಲ್ಲಿ, ಫ್ರಾಂಕ್ ಸಿರ್ ಎಂಬ ಪ್ರಾಧ್ಯಾಪಕರು ಕೂಡಿಸಿದ ಸಭೆಯಲ್ಲಿ ಆಯಿತು. ನಸುಬೆಳಕಿನಲ್ಲಿಯೂ ದೂರಕ್ಕೆ ಕಣ್ಣಿಗೆ ಹೊಡೆಯುವ ಬಣ್ಣವದು. ಶಾಲೆಯ ಸೇವೆಯಿಂದ ಬಿಡುಗಡೆಯಾದ ಬಸ್ಸನ್ನು ಕೊಂಡವರು ಅನೇಕ ರಾಜ್ಯಗಳಲ್ಲಿ ಆ ಹಳದಿಯನ್ನು ಅಳಿಸಿ ಬೇರೆ ಬಣ್ಣ ಬಳಿಯಬೇಕು, ನಿಲ್ಲಿಸುವ ಫಲಕವನ್ನು ಕಳಚಬೇಕು. ಉಕ್ಕಿನ ಕಟ್ಟುಮಸ್ತಾದ ಒಡಲು, ಡೀಸೆಲ್ ಎಂಜಿನ್, ಅಗ್ಗದ ಬೆಲೆ. ಆದುದರಿಂದ ಅವನ್ನು ಮನೆ ಮಾಡಿಕೊಳ್ಳುವವರ ಒಂದು ಪಂಗಡವೇ ಅಲ್ಲಿ ಬೆಳೆದಿದೆ. ಅಂಥ ಬಸ್ಸನ್ನು ಮುದ್ದಿನಿಂದ "ಸ್ಕೂಲಿ" ಎನ್ನುತ್ತಾರೆ.

ನಾನು ಪುಣೆಯ ಒಂದು ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿದವನು. ಆಸನಗಳನ್ನೆಲ್ಲ ಕಿತ್ತು ಖಾಲಿಯಾಗಿದ್ದ ಆ ಬಸ್ಸನ್ನು ಕಂಡ ಕೂಡಲೇ ಕೈ ತುರಿಸತೊಡಗಿತು. "ಮಾವ, ವೈರಿಂಗಿನ ಕೆಲಸ ನಿಮ್ಮದೇ" ಎಂದು ಅಳಿಯಂದಿರು ಹೇಳುವುದನ್ನೇ ಕಾಯುತ್ತಿದ್ದೆ.

ಮೊದಲು ಮಾಡಿದ್ದು ಲೆಕ್ಕ. ಪುಣೆಯ ಮನೆಯಲ್ಲಿ ನಾವು ಗುಂಡಿ ಒತ್ತುತ್ತೇವೆ, ತಿಂಗಳ ಕೊನೆಗೆ ಬಿಲ್ಲು ನೋಡಿ ಗೊಣಗುತ್ತೇವೆ. ಬಸ್ಸಿನಲ್ಲಿ ವಿದ್ಯುತ್ ಮಂಡಳಿಯೂ ನಾವೇ, ಗ್ರಾಹಕರೂ ನಾವೇ. ಕೊಡದಲ್ಲಿರುವ ನೀರಿನಂತೆ ಎಣಿಸಿ ಎಣಿಸಿ ಖರ್ಚು ಮಾಡಬೇಕು. ಮಗಳು ಕಾಗದ ಹಿಡಿದು ಕುಳಿತಳು. ಐದು ವ್ಯಾಟಿನ ಆರು ದೀಪಗಳು ದಿನಕ್ಕೆ ಐದು ಗಂಟೆ ಉರಿದರೆ ೧೫೦ ವ್ಯಾಟ್-ಗಂಟೆ. ಚಾವಣಿಯ ಪಂಖ ಹತ್ತು ಗಂಟೆಗೆ ೩೦೦. ಬ್ಯಾಟರಿಯಿಂದಲೇ ನಡೆಯುವ ಚಿಕ್ಕ ಫ್ರಿಜ್ಜಿಗೆ ಸುಮಾರು ೫೦೦. ಇಬ್ಬರ ಕಂಪ್ಯೂಟರುಗಳಿಗೆ ೬೦೦. ನೀರಿನ ಪಂಪು ೩೦, ಫೋನುಗಳು ೪೦. ಮಿಕ್ಸಿ ೭೫೦ ವ್ಯಾಟಿನದಾದರೂ ಆರು ನಿಮಿಷ ತಿರುಗಿದರೆ ೭೫ ಮಾತ್ರ. (ಊರಿನಿಂದ ಒಯ್ದ ಮಿಕ್ಸಿ ಅಲ್ಲಿ ನಡೆಯದು, ಅಲ್ಲಿಯದು ೧೨೦ ವೋಲ್ಟು. ನನ್ನಾಕೆ ಹೊತ್ತು ತಂದಿದ್ದ ಮಿಕ್ಸಿ ಬಂದ ದಾರಿಯಲ್ಲೇ ಹಿಂದಿರುಗಿತು.) ಎಲ್ಲ ಕೂಡಿ ದಿನಕ್ಕೆ ೧೬೯೫, ಅಂದರೆ ೧.೭ ಯೂನಿಟ್. ಅಡುಗೆಗೆ ಗ್ಯಾಸು, ಚಳಿಗೆ ಡೀಸೆಲಿನ ಹೀಟರು ಎಂದು ಮೊದಲೇ ತೀರ್ಮಾನವಾಗಿತ್ತು. ಶಾಖ ಕೊಡುವ ಯಾವ ಉಪಕರಣವೂ ಬ್ಯಾಟರಿಯನ್ನು ಕುಡಿದುಹಾಕುತ್ತದೆ.

ಇನ್ನು ಬ್ಯಾಟರಿ. ನಿಮ್ಮ ಮನೆಯ ಇನ್ವರ್ಟರಿನ ಕೆಳಗಿರುವ, ಆಗಾಗ ಬಟ್ಟಿಯಿಳಿಸಿದ ನೀರು ಕೇಳುವ ಸೀಸದ ಬ್ಯಾಟರಿ ಗೊತ್ತೇ ಇದೆ. ಅದು ನಂಬಿಗಸ್ತ, ಆದರೆ ನೂರು ಆಂಪಿಯರ್-ಗಂಟೆಯದು ಮೂವತ್ತು ಕಿಲೋದಷ್ಟು ತೂಗುತ್ತದೆ, ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತಿದ್ದರೆ ಬೇಗ ಮುಪ್ಪಾಗುತ್ತದೆ, ಚಾರ್ಜು ಆಗುವಾಗ ಜಲಜನಕದ ಅನಿಲ ಬಿಡುತ್ತದೆ. ಮುಚ್ಚಿದ ಬಸ್ಸಿನಲ್ಲಿ ಮಲಗುವ ಜಾಗದ ಪಕ್ಕಕ್ಕೆ ಅದು ಸಲ್ಲದು. ಅಳಿಯಂದಿರು ಲಿಥಿಯಂ ಐರನ್ ಫಾಸ್ಫೇಟ್ ಎಂಬ ಜಾತಿಯ ನಾಲ್ಕು ಬ್ಯಾಟರಿಗಳನ್ನು ತಂದಿದ್ದರು. ಅಷ್ಟೇ ಶಕ್ತಿಗೆ ಅರ್ಧಕ್ಕೂ ಕಡಿಮೆ ತೂಕ, ನೂರರಲ್ಲಿ ಎಂಬತ್ತೋ ತೊಂಬತ್ತೋ ಪಾಲನ್ನು ನಿಶ್ಚಿಂತೆಯಾಗಿ ಬಳಸಬಹುದು. ನಾಲ್ಕೂ ಸೇರಿ ೫.೧೨ ಯೂನಿಟ್. ಎರಡೂವರೆ ದಿನ ಸೂರ್ಯ ಮುಖ ತೋರದಿದ್ದರೂ ಸಂಸಾರ ಸಾಗುತ್ತದೆ.

ಅವನ್ನು ತುಂಬಲು ಚಾವಣಿಯ ಮೇಲೆ ಇನ್ನೂರು ವ್ಯಾಟಿನ ನಾಲ್ಕು ಸೌರಫಲಕಗಳು. ಫಲಕವನ್ನು ತಗಡಿಗೆ ಅಂಟಿಸಿಬಿಡಬಾರದು. ಕೆಳಗೆ ಗಾಳಿ ಆಡಬೇಕು, ಕಾದ ಫಲಕ ಕಡಿಮೆ ಕೊಡುತ್ತದೆ. ಬೇಸಿಗೆಯಲ್ಲಿ ಐದು ಗಂಟೆಯ ತುಂಬು ಬಿಸಿಲಿನ ಲೆಕ್ಕ ಹಿಡಿದು, ಕಾಲು ಭಾಗ ನಷ್ಟ ಕಳೆದರೆ ದಿನಕ್ಕೆ ಮೂರು ಯೂನಿಟ್, ಧಾರಾಳ. ಚಳಿಗಾಲದಲ್ಲಿ ಸೂರ್ಯ ಕೆಳಗಿಳಿದು, ಅಂಗಾತ ಮಲಗಿದ ಫಲಕಕ್ಕೆ ಎರಡೂವರೆ ಗಂಟೆಯ ಬಿಸಿಲು ದಕ್ಕಿದರೆ ಒಂದೂವರೆ ಯೂನಿಟ್. ಖರ್ಚಿಗೆ ಸಾಲದು. ಮೇಲೆ ಹಿಮ ಬಿದ್ದರೆ ಅದೂ ಇಲ್ಲ. ಅದಕ್ಕಾಗಿ ಬಸ್ಸು ಓಡುವಾಗ ಎಂಜಿನ್ನಿನ ಆಲ್ಟರ್ನೇಟರಿನಿಂದಲೂ ತುಂಬುವ ವ್ಯವಸ್ಥೆ ಮಾಡಬೇಕು. ನೇರವಾಗಿ ತಂತಿ ಕೊಟ್ಟರೆ ಈ ಲಿಥಿಯಂ ಬ್ಯಾಟರಿ ಹಸಿದ ಭೀಮಸೇನನಂತೆ ಸಿಕ್ಕಷ್ಟನ್ನೂ ಎಳೆದು ಆಲ್ಟರ್ನೇಟರನ್ನೇ ಬೇಯಿಸಿಬಿಡುತ್ತದೆ. ನಡುವೆ ನಲವತ್ತು ಆಂಪಿಯರಿಗಿಂತ ಹೆಚ್ಚು ಬಿಡದ ಒಂದು ಚಾರ್ಜರು ಇಟ್ಟೆವು. ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಆದುದರಿಂದ ರಾತ್ರಿಯೆಲ್ಲ ಮನೆಯವರು ದೀಪ ಉರಿಸಿದರೂ ಬೆಳಿಗ್ಗೆ ಬಸ್ಸನ್ನು ಚಾಲೂ ಮಾಡುವ ಬ್ಯಾಟರಿಗೆ ಧಕ್ಕೆಯಿಲ್ಲ. ಒಂದೇ ಸೂರಿನಡಿ ಇದ್ದರೂ ಅಣ್ಣತಮ್ಮಂದಿರ ಅಡುಗೆ ಬೇರೆ ಬೇರೆ ಇದ್ದ ಹಾಗೆ.

ಇಷ್ಟರವರೆಗೆ ಎಲ್ಲವೂ ಸರಿಯಾಗಿತ್ತು. ಎಡವಿದ್ದು ಇನ್ನು ಮುಂದೆ.

ಬ್ಯಾಟರಿಗಳನ್ನು ಚಾಲಕನ ಆಸನದ ಹಿಂದೆ ಇಟ್ಟಿದ್ದೆವು. ಅಡುಗೆಮನೆ ಹದಿನೆಂಟು ಅಡಿ ಹಿಂದೆ. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಮನೆಯ ೧೨೦ ವೋಲ್ಟಿಗೆ ಏರಿಸುವ ಇನ್ವರ್ಟರನ್ನು ನಾನು ಅಡುಗೆಮನೆಯ ಕಪಾಟಿನಲ್ಲಿ ಇಟ್ಟೆ. ಮಿಕ್ಸಿ ಅಲ್ಲೇ, ಪ್ಲಗ್ಗು ಅಲ್ಲೇ, ಅನುಕೂಲ. ಬ್ಯಾಟರಿಯಿಂದ ಅಲ್ಲಿಯವರೆಗೆ ೧೬ ಚದರ ಮಿಲಿಮೀಟರಿನ ತಾಮ್ರದ ತಂತಿ, ಗೋಡೆಯ ಪ್ಲೈವುಡ್ಡಿನ ಹಿಂದೆ. ಅಳಿಯಂದಿರು, "ಮಾವ, ಇನ್ನೂ ದಪ್ಪದ ತಂತಿ ಬೇಡವೇ?" ಎಂದು ಕೇಳಿದರು. ಹನ್ನೊಂದು ಸಾವಿರ ವೋಲ್ಟಿನ ಪ್ಯಾನೆಲಿನ ಮುಂದೆ ನಿಂತು ಬಂದವನಿಗೆ ಇದೊಂದು ಪ್ರಶ್ನೆಯೇ? "ಹನ್ನೆರಡು ವೋಲ್ಟು ಏನು ಮಾಡೀತು ಸ್ವಾಮಿ, ನಾಲಿಗೆಗೆ ಮುಟ್ಟಿಸಿದರೆ ಚುರುಕ್ ಎಂದೀತು" ಎಂದು ನಕ್ಕುಬಿಟ್ಟೆ. ಇನ್ವರ್ಟರು ಎರಡು ಸಾವಿರ ವ್ಯಾಟಿನದು, ಆದ್ದರಿಂದ ಇನ್ನೂರು ಆಂಪಿಯರಿನ ಫ್ಯೂಸು ಹಾಕಿದೆ.

ಆಗಸ್ಟಿನ ಒಂದು ಭಾನುವಾರ ಮಗಳ ಸ್ನೇಹಿತರು ಬಸ್ಸು ನೋಡಲು ಬಂದರು. ಕಾಫಿಗೆಂದು ೧೨೦೦ ವ್ಯಾಟಿನ ವಿದ್ಯುತ್ ಕೆಟಲನ್ನು ಯಾರೋ ತಂದಿಟ್ಟರು. ನಮ್ಮ ಪಟ್ಟಿಯಲ್ಲಿ ಅದಿರಲಿಲ್ಲ. ಒಂದು ಸಲ ನೀರು ಕಾಯಿಸಿದ್ದಾಯಿತು, ಎರಡನೆಯ ಸಲ ಇಟ್ಟಾಗ ಇನ್ವರ್ಟರು ಕುಂಯ್ಗುಟ್ಟತೊಡಗಿತು. ಸ್ನೇಹಿತರ ಎದುರಿಗೆ ನಾನು ಅದಕ್ಕೆ ಏನೋ ಸಮಜಾಯಿಷಿ ಹೇಳುತ್ತಿದ್ದೆ. ಮಗಳು ಮಧ್ಯೆ ಬಾಯಿ ಹಾಕಿ, "ಅಪ್ಪ, ಏನೋ ಕಮಟು ವಾಸನೆ" ಎಂದಳು.

ವಾಸನೆ ಬರುತ್ತಿದ್ದುದು ಮೊಮ್ಮಗಳ ಪುಟ್ಟ ಮಂಚದ ಕಡೆಯಿಂದ. ಮಗು ಅಲ್ಲಿ ಮಲಗಿ ನಿದ್ದೆ ಹೋಗಿತ್ತು. ಅಳಿಯಂದಿರು ಒಂದೇ ನೆಗೆತಕ್ಕೆ ಹೋಗಿ ಅದನ್ನು ಎತ್ತಿಕೊಂಡರು. ನಾನು ಮುಂದೆ ಓಡಿ ಬ್ಯಾಟರಿಯ ಸ್ವಿಚ್ಚು ಆರಿಸಿದೆ. ಗೋಡೆಯ ಹಲಗೆ ತೆಗೆದು ನೋಡಿದರೆ ತಂತಿ ಉದ್ದಕ್ಕೂ ಬೆಚ್ಚಗಿದೆ. ಅದರ ತುದಿಯ ತಾಮ್ರದ ಕಿವಿ, ನಾವು ವೈರ್‌ಮನ್ನುಗಳು ಲಗ್ಗು ಎನ್ನುವುದು, ಕೈ ಇಡಲಾಗದಷ್ಟು ಸುಡುತ್ತಿದೆ. ಅದರ ಬುಡದ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ ಕಂದಿದೆ. ಲಗ್ಗನ್ನು ಒತ್ತುವ ಸರಿಯಾದ ಉಪಕರಣ ಬಾಡಿಗೆಗೆ ತರುವ ಬದಲು ನಾನು ಸುತ್ತಿಗೆಯಿಂದ ತಟ್ಟಿ ಕೂರಿಸಿದ್ದೆ. ಇನ್ನೂರು ಆಂಪಿಯರಿನ ಫ್ಯೂಸು ಮಾತ್ರ ಏನೂ ಆಗದವರಂತೆ ಕುಳಿತಿತ್ತು.

ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಪೆನ್ಸಿಲು ಹಿಡಿದು ಕುಳಿತೆ. ೧೨೦೦ ವ್ಯಾಟಿನ ಕೆಟಲು ಪುಣೆಯ ನಮ್ಮ ಮನೆಯ ೨೩೦ ವೋಲ್ಟಿನಲ್ಲಿ ಎಳೆಯುವುದು ಐದು ಆಂಪಿಯರಿಗೆ ತುಸು ಮೇಲೆ. ಅಮೆರಿಕಾದ ೧೨೦ ವೋಲ್ಟಿನಲ್ಲಿ ಹತ್ತು. ಹನ್ನೆರಡು ವೋಲ್ಟಿನಲ್ಲಿ ನೂರು. ಇನ್ವರ್ಟರಿನ ಸ್ವಂತ ಖರ್ಚು ಸೇರಿಸಿದರೆ ನೂರ ಹತ್ತು. ವೋಲ್ಟು ಇಳಿದಷ್ಟೂ ಆಂಪಿಯರು ಏರುತ್ತದೆ. ತಂತಿ ಕಾಯುವುದು ಆಂಪಿಯರಿನಿಂದ, ಅದೂ ವರ್ಗದ ಲೆಕ್ಕದಲ್ಲಿ: ಪ್ರವಾಹ ಹತ್ತು ಪಟ್ಟಾದರೆ ಅದೇ ತಂತಿಯ ಶಾಖ ನೂರು ಪಟ್ಟು. ಹೋಗಿಬರುವ ದಾರಿ ಸೇರಿ ಹನ್ನೊಂದು ಮೀಟರಿನ ಆ ತಂತಿಯ ತಡೆ ೦.೦೧೨ ಓಮ್. ಎಷ್ಟು ಅಲ್ಪ! ಆದರೆ ನೂರ ಹತ್ತನ್ನು ನೂರ ಹತ್ತರಿಂದ ಗುಣಿಸಿ ಇದರಿಂದ ಮತ್ತೆ ಗುಣಿಸಿದರೆ ೧೪೫ ವ್ಯಾಟ್. ಹಳೆಯ ಕಾಲದ ನೂರು ವ್ಯಾಟಿನ ಬಲ್ಬು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಗೊತ್ತು. ಅಂಥ ಒಂದೂವರೆ ಬಲ್ಬನ್ನು ನಾನು ಮಗು ಮಲಗುವ ಹಲಗೆಯ ಹಿಂದೆ ಬಚ್ಚಿಟ್ಟಿದ್ದೆ. ದಾರಿಯಲ್ಲಿ ಒಂದೂಕಾಲು ವೋಲ್ಟಿಗೂ ಹೆಚ್ಚು ಸೋರಿಹೋಗಿತ್ತು. ಇನ್ವರ್ಟರು ಕುಂಯ್ಗುಟ್ಟಿದ್ದು ಅದಕ್ಕೇ.

ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದರೆಂಬುದು ಕನ್ನಡಿಗರಿಗೆಲ್ಲ ಹೆಮ್ಮೆಯ ಸಂಗತಿ. ಹೇಗೆ ಒಯ್ದರು? ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸಿ, ಆಂಪಿಯರನ್ನು ಇಳಿಸಿ, ತೆಳುವಾದ ತಂತಿಯಲ್ಲಿ ದೂರ ದಾಟಿಸಿ, ಅಲ್ಲಿ ಮತ್ತೆ ಇಳಿಸಿಕೊಂಡರು. ಈ ಕಥೆಯನ್ನು ಕಾರ್ಖಾನೆಗೆ ಬಂದ ಹೊಸ ಹುಡುಗರಿಗೆಲ್ಲ ನಾನೇ ಹೇಳಿ ಕಲಿಸಿದವನು. ಬಸ್ಸಿನಲ್ಲಿ ಅದನ್ನೇ ತಿರುಗಾ ಮುರುಗಾ ಮಾಡಿದ್ದೆ. ದೂರ ಹೋಗಬೇಕಾದುದು ೧೨೦ ವೋಲ್ಟು. ಹನ್ನೆರಡು ವೋಲ್ಟು ಹುಟ್ಟಿದ ಜಾಗ ಬಿಟ್ಟು ಅಲುಗಬಾರದು.

ಮರುದಿನ ಎಲ್ಲವನ್ನೂ ಕಿತ್ತೆವು. ಇನ್ವರ್ಟರು ಬ್ಯಾಟರಿಯಿಂದ ಎರಡೇ ಅಡಿ ದೂರಕ್ಕೆ ಬಂತು. ನಡುವೆ ಹೆಬ್ಬೆರಳಿನ ದಪ್ಪದ, ೭೦ ಚದರ ಮಿಲಿಮೀಟರಿನಷ್ಟು ತಾಮ್ರವಿರುವ ತಂತಿ. ಲಗ್ಗುಗಳನ್ನು ಹೈಡ್ರಾಲಿಕ್ ಉಪಕರಣದಿಂದ ಒತ್ತಿದೆವು. ಅದೇ ಕೆಟಲು ಇಟ್ಟರೆ ಈಗ ತಂತಿಯಲ್ಲಿ ವ್ಯರ್ಥವಾಗುವುದು ಐದು ವ್ಯಾಟಿಗೂ ಕಡಿಮೆ. ಹದಿನೆಂಟು ಅಡಿ ದಾಟಿ ಅಡುಗೆಮನೆಗೆ ಹೋಗುವುದು ೧೨೦ ವೋಲ್ಟು, ಹತ್ತೇ ಆಂಪಿಯರು, ಸಾಮಾನ್ಯ ತಂತಿ.

ಫ್ಯೂಸಿನ ವಿಷಯ ಇಲ್ಲಿ ಸ್ವಲ್ಪ ಹೇಳಲೇಬೇಕು, ಏಕೆಂದರೆ ತಿಳಿದವರೂ ತಪ್ಪುವ ಜಾಗ ಇದು. ಫ್ಯೂಸು ಇರುವುದು ಯಂತ್ರವನ್ನು ಕಾಯುವುದಕ್ಕೆ ಎಂದು ಜನರ ಭಾವನೆ. ಅಲ್ಲ, ಅದು ತಂತಿಯ ಕಾವಲುಗಾರ. ತಂತಿ ಎಷ್ಟು ಆಂಪಿಯರನ್ನು ನಿರಪಾಯವಾಗಿ ಹೊರಬಲ್ಲದೋ ಅದಕ್ಕಿಂತ ಮೊದಲೇ ಫ್ಯೂಸು ಕರಗಬೇಕು. ನನ್ನ ತೆಳು ತಂತಿಗೆ ಇನ್ನೂರರ ಫ್ಯೂಸು ಹಾಕಿದ್ದು ನಿದ್ದೆಗಾರನನ್ನು ಗಸ್ತಿಗೆ ಇಟ್ಟಂತೆ ಆಗಿತ್ತು. ಅದು ಕೂರಬೇಕಾದ ಸ್ಥಳವೂ ಮುಖ್ಯ: ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ. ಫ್ಯೂಸಿಗಿಂತ ಹಿಂದಿರುವ ತಂತಿಗೆ ದಿಕ್ಕಿಲ್ಲ. ಲಿಥಿಯಂ ಬ್ಯಾಟರಿಯ ಎರಡು ತುದಿಗಳು ಆಕಸ್ಮಿಕವಾಗಿ ತಾಗಿದರೆ ಕ್ಷಣಮಾತ್ರದಲ್ಲಿ ಸಾವಿರಾರು ಆಂಪಿಯರು ಹರಿದು, ಸಾಮಾನ್ಯ ಫ್ಯೂಸು ಕರಗಿದರೂ ಅದರೊಳಗೆ ಕಿಡಿ ಹಾರುತ್ತಲೇ ಇರಬಹುದು. ಅದನ್ನು ಕತ್ತರಿಸಬಲ್ಲ ಕ್ಲಾಸ್-ಟಿ ಎಂಬ ಫ್ಯೂಸು ಹಾಕಿದೆವು. ಬೆಲೆ ಹೆಚ್ಚು, ಈ ಸಲ ನಾನು ಚೌಕಾಸಿ ಮಾಡಲಿಲ್ಲ.

ಬಣ್ಣಗಳೂ ನನ್ನನ್ನು ಕಾಡಿದವು. ನಮ್ಮ ದೇಶದ ವೈರಿಂಗಿನಲ್ಲಿ ಕಪ್ಪು ಎಂದರೆ ನ್ಯೂಟ್ರಲ್. ಅಮೆರಿಕಾದ ಮನೆಗಳಲ್ಲಿ ಕಪ್ಪು ಎಂದರೆ ಜೀವಂತ ತಂತಿ, ನ್ಯೂಟ್ರಲಿಗೆ ಬಿಳಿ! ಮೋಟಾರು ಗಾಡಿಯ ಹನ್ನೆರಡು ವೋಲ್ಟಿನಲ್ಲಿ ಕಪ್ಪು ಎಂದರೆ ಋಣ ತುದಿ. ಒಂದೇ ಬಸ್ಸಿನಲ್ಲಿ ಒಂದೇ ಕಪ್ಪಿಗೆ ಎರಡು ಅರ್ಥ, ನನ್ನ ತಲೆಯಲ್ಲಿ ಮೂರನೆಯದು. ಅಲ್ಲಿನ ದೋಣಿಗಳಲ್ಲಿ ಈ ಗೊಂದಲ ತಪ್ಪಿಸಲು ಹನ್ನೆರಡು ವೋಲ್ಟಿನ ಋಣ ತಂತಿಗೆ ಹಳದಿ ಬಣ್ಣ ಬಳಸುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಬಸ್ಸಿನ ಹೊರಗಿನ ಹಳದಿ ಅಳಿಸಿದರೂ ಒಳಗೆ ಸ್ವಲ್ಪ ಉಳಿಯಿತು.

ಮನೆ ಅಲುಗುವುದಿಲ್ಲ, ಬಸ್ಸು ಅಲುಗುತ್ತದೆ. ಅಮೆರಿಕಾದ ಮನೆಗಳಲ್ಲಿ ಹಾಕುವ ಒಂಟಿ ಎಳೆಯ ಗಟ್ಟಿ ತಂತಿ ಇಲ್ಲಿ ಕುಲುಕಿ ಕುಲುಕಿ ಮುರಿಯುತ್ತದೆ. ನೂರಾರು ನವುರು ಎಳೆಗಳ ತಂತಿಯೇ ಬೇಕು. ತಗಡಿನ ತೂತಿನಲ್ಲಿ ಹಾಯುವ ಕಡೆಯೆಲ್ಲ ರಬ್ಬರಿನ ಬಳೆ ತೊಡಿಸಬೇಕು, ಇಲ್ಲವಾದರೆ ಹೊದಿಕೆ ಸವೆದು ಒಡಲಿಗೆ ತಾಗುತ್ತದೆ.

ಇನ್ನೊಂದು ಸೂಕ್ಷ್ಮ ವಿಷಯ ಅರ್ತಿಂಗ್. ಪ್ರವಾಸಿಗಳು ತಂಗುವ ಬಯಲುಗಳಲ್ಲಿ ಬಾಡಿಗೆ ಕೊಟ್ಟರೆ ಕಂಬದಿಂದ ೩೦ ಆಂಪಿಯರಿನ ವಿದ್ಯುತ್ತು ಸಿಗುತ್ತದೆ. ಆಗ ನ್ಯೂಟ್ರಲಿಗೂ ಅರ್ತಿಗೂ ಗಂಟು ಹಾಕುವ ಕೆಲಸ ಹೊರಗಿನ ಸರಬರಾಜಿನ ಕಡೆಯಲ್ಲೇ ಆಗಿರುತ್ತದೆ. ಬಸ್ಸಿನೊಳಗೆ ಮತ್ತೊಮ್ಮೆ ಹಾಕಬಾರದು. ಹಾಕಿದರೆ, ಎಲ್ಲಾದರೂ ನ್ಯೂಟ್ರಲ್ ಕಡಿದಾಗ ಬಸ್ಸಿನ ಲೋಹದ ಒಡಲೇ ಜೀವಂತವಾಗಬಹುದು, ಒದ್ದೆ ನೆಲದ ಮೇಲೆ ನಿಂತು ಮೆಟ್ಟಿಲ ಸರಳು ಹಿಡಿದವರಿಗೆ ಪ್ರಾಣಾಪಾಯ. ಇನ್ವರ್ಟರಿನ ಮೇಲೆ ನಡೆಯುವಾಗ ಮಾತ್ರ ಗಂಟು ಒಳಗೆ ಇರಲೇಬೇಕು, ಇಲ್ಲವಾದರೆ ದೋಷವಾದಾಗ ರಕ್ಷಣೆಯ ಸ್ವಿಚ್ಚು ಬೀಳುವುದಿಲ್ಲ. ಇದನ್ನು ತಾನೇ ತಿಳಿದು ಹಾಕುವ, ಬಿಡಿಸುವ ಇನ್ವರ್ಟರುಗಳಿವೆ. ಅಂಥದನ್ನೇ ಕೊಂಡೆವು, ಪರವಾನಗಿ ಇರುವ ಅಲ್ಲಿಯ ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷೆಯನ್ನೂ ಮಾಡಿಸಿದೆವು. ಮೊದಲು ಅದಕ್ಕೂ ನಾನು "ಯಾಕೆ, ನಾನಿಲ್ಲವೇ" ಎಂದಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ.

ಅಕ್ಟೋಬರಿನ ಕೊನೆಗೆ ಹಿಮ ಬಿತ್ತು. ಬೆಳಿಗ್ಗೆ ಫಲಕಗಳ ಮೇಲಿನ ಹಿಮ ಗುಡಿಸಿ ಒಳ್ಳೆಯ ಬಿಸಿಲು ಬಂದರೂ ಬ್ಯಾಟರಿ ಒಂದು ಹನಿಯನ್ನೂ ಸ್ವೀಕರಿಸಲಿಲ್ಲ. ಕೆಟ್ಟಿತೆಂದು ಅಳಿಯಂದಿರು ಗಾಬರಿಯಾದರು. ಕೆಟ್ಟಿರಲಿಲ್ಲ. ಶೂನ್ಯ ಡಿಗ್ರಿಗಿಂತ ತಣ್ಣಗಿರುವಾಗ ಈ ಬ್ಯಾಟರಿಗೆ ಚಾರ್ಜು ಕೊಟ್ಟರೆ ಒಳಗೆ ಲಿಥಿಯಂ ಲೋಹವಾಗಿ ಪದರುಗಟ್ಟಿ ಶಾಶ್ವತವಾಗಿ ಹಾಳಾಗುತ್ತದೆ. ಒಳಗಿನ ಕಾವಲು ಸರ್ಕ್ಯೂಟು ಅದಕ್ಕೆ ಬಾಗಿಲು ಹಾಕಿಕೊಂಡಿತ್ತು. ಶಕ್ತಿ ಕೊಡುವುದಕ್ಕೆ ಅಡ್ಡಿಯಿಲ್ಲ, ತೆಗೆದುಕೊಳ್ಳುವುದಕ್ಕೆ ಮಾತ್ರ. ನನ್ನಾಕೆ ಕೇಳಿ, "ಚಳಿಗಾಲದಲ್ಲಿ ಮೊಸರಿಗೆ ಹೆಪ್ಪು ಹಾಕಿದ ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಇಡುವುದಿಲ್ಲವೇ, ಹಾಗೆ ಇದನ್ನೂ ಬೆಚ್ಚಗಿಡಿ" ಎಂದಳು. ಆಸನದ ಹಿಂದಿನ ಪೆಟ್ಟಿಗೆಯ ನೆಲ ಬರಿಯ ತಗಡಾಗಿತ್ತು. ಅದಕ್ಕೆ ದಪ್ಪನೆಯ ಫೋಮಿನ ಹಲಗೆ ಹಾಸಿ, ಹೀಟರಿನ ಬಿಸಿಗಾಳಿ ಒಳಗೆ ಸುಳಿಯುವಂತೆ ಒಂದು ಕಂಡಿ ತೆಗೆದೆವು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಬಿಸಿಲು ಕುಡಿಯತೊಡಗಿತು.

ನಮ್ಮಲ್ಲಿ ಹೀಗೆ ಬಸ್ಸು ಕೊಂಡು ಮನಸ್ಸಿಗೆ ಬಂದಂತೆ ಮನೆ ಮಾಡುವಂತಿಲ್ಲ. ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ ಗಾಡಿಯ ರೂಪ ಬದಲಿಸಲು ಅನುಮತಿ ಬೇಕು. ಆದರೆ ಹನ್ನೆರಡು ವೋಲ್ಟಿನ ಸಂಸಾರ ನಮ್ಮ ಎಷ್ಟೋ ಮನೆಗಳಲ್ಲಿ ಇನ್ವರ್ಟರಿನ ರೂಪದಲ್ಲಿ ಇದ್ದೇ ಇದೆ. ನವೆಂಬರಿನಲ್ಲಿ ಪುಣೆಗೆ ಮರಳಿದವನು ಮೊದಲು ನೋಡಿದ್ದು ಅದನ್ನೇ. ಹಾಲಿನಲ್ಲಿ ಕಾಣಲು ಚೆನ್ನಾಗಿಲ್ಲವೆಂದು ಹಿಂದಿನ ವರ್ಷ ಬ್ಯಾಟರಿಯನ್ನು ಬಾಲ್ಕನಿಗೆ ಸಾಗಿಸಿ, ಅದರ ತಂತಿಗೆ ಇನ್ನೊಂದು ತುಂಡು ಸೇರಿಸಿ ಟೇಪು ಸುತ್ತಿದ್ದೆ. ಕರೆಂಟು ಇಲ್ಲದ ಹೊತ್ತಿನಲ್ಲಿ ಆ ಟೇಪಿನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಈಗ ಬ್ಯಾಟರಿ ಹಾಲಿಗೆ, ಕಿಟಕಿಯ ಪಕ್ಕಕ್ಕೆ ಹಿಂದಿರುಗಿದೆ. ಚೆನ್ನಾಗಿ ಕಾಣುವುದಿಲ್ಲ, ಇರಲಿ.

ಆ ಚಳಿಗಾಲ ಮಗಳ ಬಸ್ಸು ದಕ್ಷಿಣಕ್ಕೆ, ಅರಿಝೋನಾದ ಬಿಸಿಲಿನ ಕಡೆಗೆ ಹೊರಟಿತು. ದಿನವೂ ಫೋನು. ಮೊದಲೆಲ್ಲ ಊಟ ಆಯಿತೇ, ಮಗು ಹೇಗಿದೆ ಎಂದು ಕೇಳುತ್ತಿದ್ದವನು ಈಗ ಮೊದಲು ಕೇಳುವುದು ಬ್ಯಾಟರಿಯನ್ನು. ಒಂದು ಸಂಜೆ ಅವಳೇ ಕೇಳಿದಳು:

"ಅಪ್ಪ, ಇಲ್ಲಿ ಎರಡು ದಿನದಿಂದ ಮೋಡ. ನಾಳೆ ದೋಸೆಗೆ ಉದ್ದು ನೆನೆಸಲೋ ಬೇಡವೋ?"

"ಎಷ್ಟಿದೆ ನೋಡು."

"ನೂರಕ್ಕೆ ಅರವತ್ತೆರಡು."

"ನೆನೆಸಮ್ಮ" ಎಂದೆ. "ಕೆಟಲು ಮಾತ್ರ ಇಡಬೇಡ."